ಲಗ್ಗಿ ಬರುವ ಹೊತ್ತು

ಶಿವಬಸವ ನಗರದಲ್ಲಿ ಸಂಜೆ ಮಳೆ ಹಿಡಿದರೆ ಬೇಗ ಬಿಡುವ ಮಾತೇ ಇಲ್ಲ. ಅಂಥ ಸಂಜೆಗೆಂದೇ ನಾನು ಎತ್ತಿಟ್ಟುಕೊಂಡ ಸಂಗೀತವೊಂದಿದೆ: ತಬಲಾ, ಡ್ರಮ್ಸ್ ನುಡಿಸುವ ತ್ರಿಲೋಕ್ ಗುರ್ಟು ಅವರ 1988ರ ಆಲ್ಬಮ್ ‘ಉಸ್‌ಫ್ರೆಟ್’. ಅದರಲ್ಲೊಂದು ರಚನೆಯ ಹೆಸರು ‘ಶೋಭಾರಾಕ್’. ಹೆಸರಿನ ಶೋಭಾ ಬೇರೆ ಯಾರೂ ಅಲ್ಲ, ತ್ರಿಲೋಕರ ತಾಯಿ ಶೋಭಾ ಗುರ್ಟು. ಜಾಝ್‌ನವರ ಗದ್ದಲದ ನಡುವೆ ಅವರ ತುಂಬಿದ, ಮಾಗಿದ ದನಿ ಏಳುವಾಗ ನನಗೆ ಎದೆ ಉಬ್ಬುತ್ತದೆ. ಆ ದನಿ 1925ರಲ್ಲಿ ಇದೇ ಬೆಳಗಾವಿಯಲ್ಲಿ ಹುಟ್ಟಿದ್ದು.

ಆಗ ಅವರ ಹೆಸರು ಭಾನುಮತಿ ಶಿರೋಡ್ಕರ್. ತಾಯಿ ಮೇನಕಾಬಾಯಿ ನರ್ತಕಿ, ಉಸ್ತಾದ್ ಅಲ್ಲಾದಿಯಾ ಖಾನರ ಬಳಿ ಹಾಡುಗಾರಿಕೆ ಕಲಿತವರು. ಅಲ್ಲಾದಿಯಾ ಖಾನರ ಮಗ ಭುರ್ಜಿ ಖಾನರು ಕೊಲ್ಹಾಪುರದಲ್ಲಿ ಭಾನುಮತಿಗೆ ಪಾಠ ಹೇಳಿದರು. ಮದುವೆಯಾಗಿ ಗುರ್ಟು ಮನೆತನಕ್ಕೆ ಬಂದರೆ ಅಲ್ಲಿಯೂ ಮಾವನವರು ಸಿತಾರ್ ಬಲ್ಲವರು! ಮುಂದೆ ಮುಂಬೈಯಲ್ಲಿ ಘಮ್ಮನ್ ಖಾನರಿಂದ ಠುಮರಿ, ದಾದ್ರಾಗಳ ಪಾಠ. ಹೀಗೆ ಬೆಳೆದ ಹಾಡುಗಾರ್ತಿಗೆ 2002ರಲ್ಲಿ ಪದ್ಮಭೂಷಣ ಬಂತು.

ಠುಮರಿಯಲ್ಲಿ ತಬಲಾ ನುಡಿಸುವವರ ಪಾಡನ್ನು ನೋಡಬೇಕು. ದೀಪಚಂದಿ ತಾಳದ 14 ಮಾತ್ರೆಗಳನ್ನು ಹಿಡಿದು, ಹಾಡುವವರು ಒಂದೇ ಮಾತನ್ನು ಹತ್ತು ಬಗೆಯಲ್ಲಿ ಬಿಡಿಸಿ, ಮುನಿಸು, ಬೇಡಿಕೆ, ನಾಚಿಕೆ ಎಲ್ಲವನ್ನೂ ಹೊರಹಾಕುವ ತನಕ ತಾಳ್ಮೆಯಿಂದ ಠೇಕಾ ಕೊಡುತ್ತಲೇ ಇರಬೇಕು. ಕೈಯಲ್ಲಿ ಎಷ್ಟೇ ಚಳಕವಿರಲಿ, ತೋರಿಸುವಂತಿಲ್ಲ. ಕೊನೆಗೆ ಲಯ ಕೆಹರವಾಕ್ಕೆ ತಿರುಗಿ ಲಗ್ಗಿ ಶುರುವಾಯಿತೆಂದರೆ, ಅಷ್ಟು ಹೊತ್ತು ತಡೆದಿಟ್ಟದ್ದೆಲ್ಲ ಬೆರಳ ತುದಿಯಿಂದ ಸುರಿಯುತ್ತದೆ. ಹಾಡುಗಾರ್ತಿ ಮುಖಡಾ ಹಿಡಿದು ನಿಂತು ಅದಕ್ಕೆ ದಾರಿ ಬಿಡುತ್ತಾರೆ. ಆಮೇಲೆ ಮತ್ತೆ ಮೊದಲಿನ ವಿಲಂಬಿತ. ಇದನ್ನು ಅಮ್ಮನ ಮಗ್ಗುಲಲ್ಲೇ ಕುಳಿತು ಕೇಳುತ್ತ ಬೆಳೆದ ಹುಡುಗನ ಕೈ ಹೇಗಾಗಬೇಡ!

1951ರಲ್ಲಿ ಮುಂಬೈಯಲ್ಲಿ ಹುಟ್ಟಿದ ತ್ರಿಲೋಕ್ ಎಳವೆಯಲ್ಲೇ ಶಾಹ್ ಅಬ್ದುಲ್ ಕರೀಮರಲ್ಲಿ ತಬಲಾ ಕಲಿತರು. ಡ್ರಮ್ಸಿಗೆ ರೆಕಾರ್ಡುಗಳೇ ಗುರು. ಸ್ಟುಡಿಯೋದಲ್ಲಿ ಒಂದರ ಮೇಲೊಂದು ಪದರ ಕೂಡಿಸಿ ಧ್ವನಿಮುದ್ರಿಸುತ್ತಾರೆಂದು ತಿಳಿಯದೆ, ಅಲ್ಲಿ ಕೇಳಿಸಿದ್ದನ್ನೆಲ್ಲ ಒಬ್ಬರೇ ನುಡಿಸಲು ಹೊರಟರಂತೆ. ಆ ಹಟ ಅವರ ಶೈಲಿಯಾಯಿತು. ಎಪ್ಪತ್ತರ ದಶಕದಲ್ಲಿ ಯುರೋಪಿಗೆ ಹೋದರು. ಜರ್ಮನಿಯ ಎಂಬ್ರಿಯೋ ತಂಡದ 1977ರ ಆಲ್ಬಮ್ಮಿನಲ್ಲಿ ಮಗನ ವಾದನವಿದೆ, ಅಮ್ಮನ ಹಾಡೂ ಇದೆ. ಬಳಿಕ ಕಹಳೆಗಾರ ಡಾನ್ ಚೆರಿ ಅವರ ಒಡನಾಟ. 1984ರಲ್ಲಿ ಕಾಲಿನ್ ವಾಲ್ಕಾಟ್ ಅಪಘಾತದಲ್ಲಿ ತೀರಿಕೊಂಡ ಮೇಲೆ ‘ಒರೆಗಾನ್’ ತಂಡ ಅವರ ಜಾಗಕ್ಕೆ ಕರೆದದ್ದು ತ್ರಿಲೋಕರನ್ನು.

ಆದರೆ ನಾನು ಮತ್ತೆ ಮತ್ತೆ ಹೋಗುವುದು ಗಿಟಾರ್‌ನ ಜಾನ್ ಮೆಕ್‌ಲಾಫ್ಲಿನ್ ಜೊತೆ 1989ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ನುಡಿಸಿದ ಕಛೇರಿಗೆ. ಡ್ರಮ್ಮರುಗಳ ಎತ್ತರದ ಸ್ಟೂಲು ಇವರಿಗೆ ಬೇಡ. ಮಂಡಿಯೂರಿ ನೆಲಕ್ಕಿಳಿದು, ಡ್ರಮ್ಸನ್ನೂ ತಬಲಾವನ್ನೂ ಕೈಗೆಟುಕುವಂತೆ ಸುತ್ತ ಹರಡಿಕೊಳ್ಳುವುದು ಅವರ ರೂಢಿ. ಪಕ್ಕದಲ್ಲೊಂದು ನೀರಿನ ಬಕೆಟ್. ಬಡಿದ ಜಾಗಟೆಯನ್ನು ಅದರಲ್ಲಿ ಅದ್ದಿದರೆ ನಾದ ಬಾಗಿ ಕೆಳಗಿಳಿಯುತ್ತದೆ. ಬಾಯಲ್ಲಿ ಬೋಲು ಹೇಳುತ್ತಾರೆ, ಅದೇ ಬೋಲು ಡ್ರಮ್ಮಿನ ಮೇಲೆ ಬೀಳುತ್ತದೆ. ಅಂಥ ಹೊತ್ತಿನಲ್ಲೂ ನನ್ನನ್ನು ಹಿಡಿಯುವುದು ಅವರ ವೇಗಕ್ಕಿಂತ ಅದಕ್ಕೆ ಮುಂಚಿನ ಕಾಯುವಿಕೆ. ಗಿಟಾರ್ ತನ್ನ ಮಾತು ಮುಗಿಸುವ ತನಕ ಕೈ ಬಿಗಿಹಿಡಿದು, ಆಮೇಲೆ ಬಿಡುತ್ತಾರಲ್ಲ, ಅದು ಲಗ್ಗಿಯೇ. ವಿಮರ್ಶಕರು ಬೇರೆ ಏನೇ ಅನ್ನಲಿ, ಅದರ ತವರು ಠುಮರಿಯ ಬೈಠಕ್ಕು ಎಂದೇ ನಾನು ನಂಬಿದ್ದೇನೆ.

1993ರ ‘ಕ್ರೇಜಿ ಸೇಂಟ್ಸ್’ನಲ್ಲಿ ಜೋ ಝಾವಿನುಲ್, ಪ್ಯಾಟ್ ಮೆಥೆನಿಯಂಥ ದೊಡ್ಡವರಿದ್ದಾರೆ. ಅಲ್ಲಿಯೂ ಶೋಭಾ ಗುರ್ಟು ಹಾಡಿದ್ದಾರೆ. ಶೋಭಾ ಅವರು 2004ರಲ್ಲಿ ಹೋದರು. ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹೆಸರಿನ ರಂಗಮಂದಿರ ನಮ್ಮೂರಲ್ಲಿದೆ. ಅಲ್ಲಿ ತ್ರಿಲೋಕರು ಮಂಡಿಯೂರಿ ಕುಳಿತು ‘ಶೋಭಾರಾಕ್’ ನುಡಿಸುವುದನ್ನು ಕೇಳುವ ಆಸೆ ನನಗಿದೆ. ಟಿಕೆಟ್ಟಿಗೆ ಎಷ್ಟು ಹೊತ್ತು ಸಾಲು ನಿಲ್ಲಬೇಕಾದರೂ ಸರಿ.