ಸ್ಮೃತಿಯ ಬೇರು, ನರದ ಚಿಗುರು

ವಿದ್ಯೆಯು ನಿಲ್ಲುವುದು ಸ್ಮೃತಿಯ ಆಧಾರದಿಂದ. ಓಲೆಯೂ ಕಾಗದವೂ ವಿರಳವಾಗಿದ್ದ ಕಾಲದಲ್ಲಿ ಅಮರಕೋಶ, ಶಬ್ದರೂಪ, ಮಗ್ಗಿ, ವಚನ ಇವೆಲ್ಲವೂ ಕಂಠದಲ್ಲಿಯೇ ನೆಲೆಸಿದ್ದವು. ಆ ಕಂಠಸ್ಥ ವಿದ್ಯೆಯು ದೇಹದ ಯಾವ ಎಡೆಯಲ್ಲಿ, ಯಾವ ಬಗೆಯಿಂದ ಉಳಿಯುತ್ತದೆಂಬುದನ್ನು ಈಚಿನ ವಿಜ್ಞಾನವು ಅರಸುತ್ತ ಬಂದಿದೆ.

ಸ್ಪೇನ್ ದೇಶದ ರಾಮೊನ್ ಇ ಕಹಾಲ್ ಎಂಬ ವಿದ್ವಾಂಸನು ಮೆದುಳು ಬಿಡಿಬಿಡಿ ನರಕೋಶಗಳಿಂದಾದುದೆಂದು ತೋರಿಸಿ, 1906ರ ನೊಬೆಲ್ ಪಾರಿತೋಷಕವನ್ನು ಕಾಮಿಲ್ಲೊ ಗಾಲ್ಜಿಯೊಡನೆ ಹಂಚಿಕೊಂಡನು. ಪ್ರೌಢ ಮೆದುಳಿನಲ್ಲಿ ಕಡಿದ ನರತಂತು ಮರಳಿ ಬೆಳೆಯದೆಂದು ಅವನು ಭಾವಿಸಿದ್ದನು. ಕೈಕಾಲುಗಳ ನರಗಳ ರೀತಿ ಬೇರೆ. ಅವು ಕಡಿದರೂ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಚಿಗುರಬಲ್ಲವು. ಈ ಭೇದಕ್ಕೆ ಕಾರಣವೇನು? 1980ರ ಸುಮಾರಿಗೆ ಕೆನಡಾದ ಆಲ್ಬರ್ಟ್ ಅಗ್ವಾಯೊ ಮತ್ತು ಸಂಗಡಿಗರು ಇಲಿಯ ಬೆನ್ನುಹುರಿಗೆ ಕಾಲಿನ ನರದ ತುಣುಕನ್ನು ಕಸಿಮಾಡಿದಾಗ, ಬೆಳೆಯಲಾರವೆಂದು ತಿಳಿದಿದ್ದ ತಂತುಗಳು ಅದರೊಳಗೆ ಬಹುದೂರ ಬೆಳೆದವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿದ್ದಾಪುರದ ಒಕ್ಕಲಿಗನಿಗೆ ಇದರ ಮರ್ಮ ಬೇಗನೆ ತಿಳಿದೀತು. ಸವಳು ನೆಲದಲ್ಲಿ ಸೊರಗಿದ ಸಸಿ ಹದವಾದ ಮಡಿಯಲ್ಲಿ ಚೇತರಿಸಿಕೊಳ್ಳುವುದನ್ನು ಅವನು ಕಂಡಿದ್ದಾನೆ.

ಸ್ಮೃತಿಯ ಬಗೆಯನ್ನು ಎರಿಕ್ ಕ್ಯಾಂಡೆಲ್ ಕಡಲ ಬಸವನಹುಳುವಿನ ಜಾತಿಯ ಒಂದು ಜೀವಿಯಲ್ಲಿ ಶೋಧಿಸಿ, 2000ದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಒಮ್ಮೆ ಕಲಿತುದರಿಂದ ನರಕೋಶಗಳ ಸಂಧಿಯ ಬಲ ಅಲ್ಪಕಾಲ ಹೆಚ್ಚುತ್ತದೆ. ಬಿಡುವು ಕೊಟ್ಟು ಮತ್ತೆ ಮತ್ತೆ ಕಲಿತಾಗ ಹೊಸ ಸಂಧಿಗಳೇ ಮೂಡುತ್ತವೆ. ಗುರುಗಳು ನಿತ್ಯವೂ ಹೇಳಿಸುತ್ತಿದ್ದ ಮಗ್ಗಿಯ ಗುಟ್ಟು ಇಲ್ಲಿದೆ.

ಸಿದ್ದಾಪುರದ ವೃದ್ಧ ಮಾಸ್ತರರೊಬ್ಬರ ಸ್ಥಿತಿ ಇದಕ್ಕೆ ನಿದರ್ಶನ. ಮೂರು ತಲೆಮಾರಿಗೆ ಅಕ್ಷರ ಕಲಿಸಿದ ಅವರಿಗೆ ಈಗ ಮಗನ ಹೆಸರೂ ನೆನಪಾಗದು. ಹಳೆಯ ಶಿಷ್ಯನೊಬ್ಬನು ಪಾದ ಮುಟ್ಟಿ, "ಗುರುಗಳ, ಗುರ್ತು ಸಿಕ್ತೇನ್ರೀ?" ಎಂದು ಕೇಳಿದಾಗ ಅವರು ಸುಮ್ಮನೆ ನಕ್ಕರು. ಶಿಷ್ಯನು ಹದಿನೇಳರ ಮಗ್ಗಿಯನ್ನು ಮೊದಲಿಟ್ಟನು; ಮೂರನೆಯ ಸಾಲಿಗೆ ಬೇಕೆಂದೇ ತಡೆದನು. ಮಾಸ್ತರರು "ಐವತ್ತೊಂದು" ಎಂದು ತಿದ್ದುವ ದನಿಯಲ್ಲಿ ನುಡಿದು ಕೊನೆಯವರೆಗೂ ಹೇಳಿ ಮುಗಿಸಿದರು. ಬಾಗಿಲ ಮರೆಯಲ್ಲಿ ನಿಂತಿದ್ದ ಅವರ ಮಡದಿ ಸೆರಗಿನಿಂದ ಕಣ್ಣೊರಸಿಕೊಂಡರು.

ಇಂತಹ ಮನೆಗಳಿಗೆ ವಿಜ್ಞಾನವು ಏನನ್ನು ಕೊಡಬಲ್ಲದು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮೆದುಳಿನ ಭಂಡಾರವಿದ್ದು, ದಾನವಾಗಿ ಬಂದ ಮೆದುಳುಗಳು ಸಂಶೋಧನೆಗೆ ಒದಗುತ್ತಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಸ್ತಿಷ್ಕ ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ಮೀರಿದ 10,000 ಗ್ರಾಮಸ್ಥರ ಸ್ಮೃತಿಶಕ್ತಿಯನ್ನು ಕಾಲಕಾಲಕ್ಕೆ ಪರೀಕ್ಷಿಸುವ ದೀರ್ಘ ಅಧ್ಯಯನವನ್ನು ಕೈಗೊಂಡಿದೆ. ಅಮೆರಿಕೆಯಲ್ಲಿ 2023ರಲ್ಲಿ ಪೂರ್ಣ ಮನ್ನಣೆ ಪಡೆದ ಲೆಕಾನೆಮ್ಯಾಬ್ ಎಂಬ ಔಷಧವು ಆಲ್‌ಝೈಮರ್ ರೋಗದ ಆರಂಭದಲ್ಲಿ ಮರೆವಿನ ವೇಗವನ್ನು ಕೊಂಚ ತಗ್ಗಿಸುತ್ತದೆ. ಹೋದ ನೆನಪನ್ನು ಮರಳಿ ತಾರದು. ಪರೀಕ್ಷೆಯ ಋತುವಿನಲ್ಲಿ ಜ್ಞಾಪಕಶಕ್ತಿ ಹೆಚ್ಚಿಸುವುದಾಗಿ ಸಾರುತ್ತ ಬರುವ ಸೀಸೆಗಳನ್ನು ಕೊಳ್ಳುವ ತಂದೆತಾಯಿಗಳು ಈ ಮಾತನ್ನು ಮನನ ಮಾಡುವುದು ಒಳಿತು.

ಆದರೆ ತಡೆಯುವ ದಾರಿ ಉಂಟು. ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞಮಂಡಲಿಯು 2024ರಲ್ಲಿ ನಿವಾರಿಸಬಹುದಾದ 14 ಕಾರಣಗಳನ್ನು ಎಣಿಸಿತು. ಅವೆಲ್ಲ ನೀಗಿದರೆ ಇಂತಹ ರೋಗದ ಶೇಕಡಾ 45ರಷ್ಟನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದೆಂಬುದು ಅದರ ಅಂದಾಜು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ಒಂಟಿತನಗಳ ಜೊತೆಗೆ ಬಾಲ್ಯದಲ್ಲಿ ವಿದ್ಯೆಯ ಕೊರತೆಯೂ ಆ ಪಟ್ಟಿಯಲ್ಲಿದೆ. ವಿದ್ಯಾವಂತರಿಗೂ ರೋಗ ತಪ್ಪದೆಂಬುದಕ್ಕೆ ಆ ಮಾಸ್ತರರೇ ಸಾಕ್ಷಿ. ಆದರೂ ಓದಿದವರಲ್ಲಿ ಅದರ ಭಯ ಕಡಿಮೆ.

ಹೀಗಿರಲಾಗಿ, ಬಡಮನೆಯ ಬಾಲಕಿಯೊಬ್ಬಳು ಶಾಲೆ ಬಿಡದಂತೆ ಆಸರೆಯಾಗುವ ದಾನವು ಅರವತ್ತು ವರ್ಷಗಳ ತರುವಾಯ ಅವಳ ಮುಪ್ಪಿಗೂ ನೆರವಾದೀತು. ಹಳೆಯ ವಿದ್ಯಾರ್ಥಿಗಳು ತಮಗೆ ಕಲಿಸಿದವರ ಮನೆಗೆ ವರ್ಷಕ್ಕೊಮ್ಮೆಯಾದರೂ ಹೋಗಿಬರಲಿ. ಗುರುಗಳಿಗೆ ಹೆಸರು ತಿಳಿಯದಿದ್ದರೆ ತಾವೇ ಹೇಳಲಿ. ಮರುಗಳಿಗೆ ಮರೆತರೆ ಬೇಸರಿಸದೆ ಇನ್ನೊಮ್ಮೆ ಹೇಳಲಿ.