ಪೂರ್ವಾಪರ ವಿಚಾರ

ನರಸಾಪುರದ ತರುಣನೊಬ್ಬನು, 2023ರಲ್ಲಿ ಹೊರಬಂದ ಡೆಬಿಯನ್ 12 ಎಂಬ ಮುಕ್ತ ಲಿನಕ್ಸ್ ವ್ಯವಸ್ಥೆಯಲ್ಲಿ, ಅದರೊಡನೆ ಬಂದ ಪೈಥಾನ್ 3.11 ಇರುವಂತೆಯೇ 3.13ನ್ನೂ ಬೇರೊಂದು ಕಡತಕೋಶದಲ್ಲಿ ಸ್ಥಾಪಿಸಿದನು. ಕರೆದರೆ ಓಗೊಟ್ಟುದು ಹಳೆಯದೇ! ಬೇಸತ್ತು ಅದನ್ನು ಅಳಿಸಹೊರಟಾಗ ಅವನ ತಾತನವರು, “ಮೊದಲು ಕಾರಣ ನೋಡಪ್ಪಾ” ಎಂದು ತಡೆದರು.

ನೋಡಲಾಗಿ, ಆಜ್ಞೆಯನ್ನೋದುವ ಶೆಲ್ಲು ‘ಪಾತ್’ ಎಂಬ ಪಟ್ಟಿಯ ಕೋಶಗಳನ್ನು ಕ್ರಮವಾಗಿ ಹುಡುಕಿ, ಮೊದಲು ದೊರೆತುದನ್ನೇ ನಡೆಸುತ್ತಿದ್ದಿತು. ಹೊಸದರ ಕೋಶವು ಪಟ್ಟಿಯ ತುದಿಯಲ್ಲಿದ್ದಿತು.

ತಾತನವರು ನಕ್ಕರು: “ಪಾಣಿನಿಯಲ್ಲಿ ಸಮಬಲದ ಎರಡು ಸೂತ್ರಗಳು ವಿರೋಧಿಸಿದರೆ ಪರಸೂತ್ರಕ್ಕೆ ಜಯ, ಇಲ್ಲಿ ಪೂರ್ವಕ್ಕೆ!”

ಕೋಶವನ್ನು ಪಟ್ಟಿಯ ಮೊದಲಿಗೆ ತಂದೊಡನೆ ಹೊಸದು ಓಗೊಟ್ಟಿತು. ಹಳೆಯದನ್ನು ಅಳಿಸಿದ್ದರೆ, ಅದನ್ನೇ ನಂಬಿದ್ದ ವ್ಯವಸ್ಥೆಯ ಎಷ್ಟೋ ಉಪಕರಣಗಳು ನಿಂತುಹೋಗುತ್ತಿದ್ದುವು. ದೋಷವಿದ್ದುದು ಕ್ರಮದಲ್ಲಿ, ಹಳೆಯದರಲ್ಲಲ್ಲ.