ಸಿಂಗಳೀಕದ ಬೆಟ್ಟಕ್ಕೆ ಸಂಸಾರ ಸಮೇತ

ರಜೆ ಬಂತೆಂದರೆ ಬೆಂಗಳೂರು, ಮೈಸೂರುಗಳಿಂದ ಎಷ್ಟೋ ಸಂಸಾರಗಳು ಘಟ್ಟವಿಳಿದು ಧರ್ಮಸ್ಥಳದ ದಾರಿ ಹಿಡಿಯುತ್ತವೆ. ಮಂಜುನಾಥನ ದರ್ಶನ, ಮೂಡುಬಿದಿರೆಯ ಬಸದಿ, ಕಡಲತೀರದಲ್ಲಿ ಒಂದು ಸಂಜೆ. ಅಲ್ಲಿಗೆ ಪ್ರವಾಸ ಮುಗಿಯಿತು. ಆ ದಾರಿಯುದ್ದಕ್ಕೂ ಮೂಡಣದಲ್ಲಿ ನೀಲಿ ಗೋಡೆಯಂತೆ ನಿಂತ ಬೆಟ್ಟಸಾಲನ್ನು ಕಾರಿನ ಕಿಟಕಿಯಿಂದ ನೋಡುವವರು ಬಹಳ, ಏರುವವರು ಕಡಿಮೆ. ಇನ್ನೆರಡು ದಿನಗಳ ಬಿಡುವಿದ್ದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮಾರ್ಗವಾಗಿ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ಸೇರಬಹುದು. ಮಕ್ಕಳಿಗೆ ಕಾಲ್ನಡಿಗೆಯ ಅಭ್ಯಾಸವಾಗಲು, ಕಾಡುಪ್ರಾಣಿಗಳ ಪರಿಚಯವಾಗಲು ಇದಕ್ಕಿಂತ ಒಳ್ಳೆಯ ದಾರಿ ಈ ಸೀಮೆಯಲ್ಲಿ ಸಿಗದು.

ಪಯಣವನ್ನು ಬಂಟ್ವಾಳ ತಾಲೂಕಿನ ಕಾರಿಂಜದಿಂದ ಆರಂಭಿಸುವುದು ಲೇಸು. ಬೆಳ್ತಂಗಡಿಯ ಮಾರ್ಗದಲ್ಲಿ ವಗ್ಗದ ಸಮೀಪ ಕಾಡಿನ ನಡುವೆ ಎದ್ದು ನಿಂತ ಬಂಡೆಗಲ್ಲಿನ ಬೆಟ್ಟವಿದು. ಕೆಳಗೆ ಪಾರ್ವತಿಯ ಗುಡಿ, ನೆತ್ತಿಯ ಮೇಲೆ ಕಾರಿಂಜೇಶ್ವರ. ಕಲ್ಲಿನ ಮೆಟ್ಟಿಲುಗಳನ್ನೇರಲು ಮಕ್ಕಳಿಗೆ ಆಯಾಸವಾಗದು. ಅವರ ಗಮನವೆಲ್ಲ ಕೋತಿಗಳ ಮೇಲೆ. ಇಲ್ಲಿ ದೇವರ ನೈವೇದ್ಯದ ಅನ್ನವನ್ನು ವಾನರಗಳಿಗೆ ಬಡಿಸುವ ಪದ್ಧತಿ ಹಿಂದಿನಿಂದಲೂ ನಡೆದುಬಂದಿದೆ. ಹೊತ್ತಿಗೆ ಸರಿಯಾಗಿ ಬಂದು ಕಾಯುವ ಕಪಿಸೇನೆಯನ್ನು ಕಂಡ ಮಗು ಪ್ರಾಣಿಪ್ರೀತಿಯ ಮೊದಲ ಪಾಠವನ್ನು ಕಲಿಯುತ್ತದೆ: ಹಸಿದ ಜೀವಕ್ಕೆ ತುತ್ತು ಕೊಡಬೇಕು. ಪಾಠವೇನೋ ಒಳ್ಳೆಯದೇ. ಆದರೆ ಘಟ್ಟದ ಮೇಲೆ ಕಲಿಯಬೇಕಾದ ಎರಡನೆಯ ಪಾಠ ಇದಕ್ಕೆ ತೀರ ಬೇರೆಯಾದುದು.

ಬೆಳ್ತಂಗಡಿಗೆ ಬಂದರೆ ಗಡಾಯಿಕಲ್ಲು ಕಣ್ಣಿಗೆ ಬೀಳದೆ ಇರದು. ಸುತ್ತಲಿನ ಹಸಿರಿನ ಮಧ್ಯದಿಂದ ಥಟ್ಟನೆ ಮೇಲೆದ್ದ ಒಂದೇ ಒಂದು ಹೆಬ್ಬಂಡೆ. ನೆತ್ತಿಯು ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರ. 1794ರಲ್ಲಿ ಟಿಪ್ಪು ಸುಲ್ತಾನನು ಇದರ ಮೇಲೆ ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟನು. ಐದೇ ವರ್ಷಗಳಲ್ಲಿ, 1799ರಲ್ಲಿ, ಅದು ಇಂಗ್ಲಿಷರ ವಶವಾಯಿತು. ಬಂಡೆಯಲ್ಲಿ ಕಡಿದ 1,800ಕ್ಕೂ ಮಿಕ್ಕ ಮೆಟ್ಟಿಲುಗಳ ಇಕ್ಕಟ್ಟಾದ ದಾರಿಯೊಂದನ್ನು ಬಿಟ್ಟರೆ ಮೇಲೇರಲು ಬೇರೆ ಮಾರ್ಗವಿಲ್ಲ. ಈಗ ಅಲ್ಲಿ ಉಳಿದಿರುವುದು ಕುಸಿದ ಗೋಡೆಗಳು, ಮಳೆನೀರಿನ ಒಂದು ಕೊಳ, ಬೀಸುವ ಗಾಳಿ. ಈ ಬಂಡೆಯೂ ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿದೆ. ಮಳೆಗಾಲದಲ್ಲಿ ಮೆಟ್ಟಿಲುಗಳು ಪಾಚಿಗಟ್ಟಿ ಜಾರುವುದರಿಂದ ಅರಣ್ಯ ಇಲಾಖೆ ಪ್ರವೇಶವನ್ನು ತಡೆಯುವುದುಂಟು. ಮಳೆ ನಿಂತ ಮೇಲೆ, ಬೆಳಗಿನ ತಂಪಿನಲ್ಲಿ, ಸಾಕಷ್ಟು ನೀರು ಹೊತ್ತು ಹೊರಡಬೇಕು. ಮೇಲೆ ನಿಂತು ಮೂಡಣಕ್ಕೆ ತಿರುಗಿದರೆ ಕುದುರೆಮುಖದ ಸಾಲು ಎದುರಿಗೇ ಕಾಣುತ್ತದೆ.

ಅಲ್ಲಿಂದ ವೇಣೂರಿನ ಗೊಮ್ಮಟನನ್ನು ನೋಡಿಕೊಂಡು ಮೂಡುಬಿದಿರೆಗೆ ಬಂದು ತಂಗಬಹುದು. 1430ರ ಸುಮಾರಿನ ಸಾವಿರ ಕಂಬದ ಬಸದಿಯಲ್ಲಿ ಹಿರಿಯರು ಕಂಬಗಳ ಕೆತ್ತನೆಯನ್ನು ನೋಡುತ್ತಿರುವಾಗ ಮಕ್ಕಳನ್ನು ಮಂಟಪದ ತಳಪಾಯದತ್ತ ಕರೆದೊಯ್ಯಬೇಕು. ಅಲ್ಲಿ ಆಫ್ರಿಕದ ಜಿರಾಫೆ ಇದೆ, ಚೀನಾದೇಶದ ಡ್ರ್ಯಾಗನ್ ಇದೆ! ಕರಾವಳಿಯ ಬಂದರುಗಳಿಗೆ ದೂರದೇಶದ ಹಡಗುಗಳು ಬಂದುಹೋಗುತ್ತಿದ್ದುದರ ಗುರುತು ಇದೆಂದು ಬಲ್ಲವರು ಹೇಳುತ್ತಾರೆ. ಕಡಲಾಚೆಯ ಪ್ರಾಣಿಗೂ ಶಿಲ್ಪಿ ಕಲ್ಲಿನಲ್ಲಿ ಎಡೆಮಾಡಿಕೊಟ್ಟ. ಆದರೆ ಜಿರಾಫೆಯ ಗುರುತು ಹೇಳಬಲ್ಲ ಇಂದಿನ ಶಾಲೆಯ ಹುಡುಗ, ಈ ಊರಿನ ಹಿಂದಿನ ಬೆಟ್ಟದಲ್ಲೇ ಇರುವ ಸಿಂಗಳೀಕವನ್ನು ಕಂಡಿರುವುದು ಅಪರೂಪ.

ಸಿಂಗಳೀಕವೆಂದರೆ ಸಿಂಹಬಾಲದ ಕೋತಿ. ಕಪ್ಪು ಮೈ, ಮುಖದ ಸುತ್ತ ಬೂದುಬಿಳುಪಿನ ಕೇಸರ, ಬಾಲದ ತುದಿಯಲ್ಲಿ ಸಿಂಹಕ್ಕಿರುವಂತಹ ಕುಚ್ಚು. ಜಗತ್ತಿನಲ್ಲಿ ಪಶ್ಚಿಮಘಟ್ಟವನ್ನು ಬಿಟ್ಟರೆ ಮತ್ತೆಲ್ಲಿಯೂ ಇದು ಕಾಡಿನಲ್ಲಿ ಇಲ್ಲ. ಹಣ್ಣು, ಕಾಯಿ, ಹುಳುಹುಪ್ಪಟೆಗಳೇ ಇದರ ಆಹಾರ. ಮರದಿಂದ ಮರಕ್ಕೆ ಹಾರುತ್ತ ಕಾಡಿನ ಮೇಲ್ಛಾವಣಿಯಲ್ಲೇ ಬಾಳನ್ನು ಕಳೆಯುವ ಜೀವ. ಕೊಂಬೆಗಳ ಹಂದರ ಎಲ್ಲಿ ಕಡಿಯುತ್ತದೆಯೋ ಅಲ್ಲಿಗೆ ಅದರ ಲೋಕವೂ ಕೊನೆಗೊಳ್ಳುತ್ತದೆ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದ ಸಿಂಗಳೀಕಗಳ ನೆಲೆಗಳನ್ನು ಅರಸಿ ಸಮೀಕ್ಷೆ ನಡೆಸಿದರು. ಇವಕ್ಕೆ ಒಳ್ಳೆಯ ಆಸರೆಯೆಂದು ತಿಳಿದುಬಂದ ಕುದುರೆಮುಖದ ಕಾಡುಗಳನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸರ್ಕಾರ ಘೋಷಿಸಿತು. ಇದರ ವಿಸ್ತಾರ ಸುಮಾರು 600 ಚದರ ಕಿಲೋಮೀಟರು.

ಮೂಡುಬಿದಿರೆಯಿಂದ ಕಾರ್ಕಳ, ಬಜಗೋಳಿ, ಮಾಳದ ಮೂಲಕ ರಸ್ತೆ ಘಟ್ಟವನ್ನೇರುತ್ತದೆ. ಮೇಲೆ ‘ಎಸ್.ಕೆ. ಬಾರ್ಡರ್’ ಎಂಬ ನಿಲುಗಡೆ. ಸೌತ್ ಕೆನರಾ ಜಿಲ್ಲೆಯ ಹಳೆಯ ಹೆಸರು ಇಲ್ಲಿ ಇನ್ನೂ ಉಳಿದಿದೆ. ಅಲ್ಲಿಂದಾಚೆಗೆ ಹುಲ್ಲಿನ ಗುಡ್ಡಗಳು, ಅವುಗಳ ಮಡಿಲಲ್ಲಿ ಕಪ್ಪುಹಸಿರಿನ ಶೋಲಾ ಕಾಡುಗಳು. 1,890 ಮೀಟರಿಗೂ ಎತ್ತರದ ಕುದುರೆಮುಖ ಶಿಖರಕ್ಕೆ ಕಳಸದ ಕಡೆಯ ಮುಳ್ಳೋಡಿಯಿಂದ ಹೋಗಿಬರಲು ದಿನವಿಡೀ ನಡೆಯಬೇಕು. ಚಿಕ್ಕ ಮಕ್ಕಳಿರುವವರಿಗೆ ಕುರಿಂಜಾಲು ಬೆಟ್ಟ ಸುಲಭ. ಎರಡಕ್ಕೂ ಅರಣ್ಯ ಇಲಾಖೆಯ ಮುಂಗಡ ಅನುಮತಿ ಬೇಕು; ಬೇಸಗೆಯಲ್ಲಿ ಕಾಡ್ಗಿಚ್ಚಿನ ಭಯದಿಂದ ದಾರಿ ಮುಚ್ಚುವುದುಂಟು. ಮಳೆಗಾಲದಲ್ಲಿ ಹೋಗುವವರು ಇಂಬಳಗಳಿಗೆ ಕಾಲಿನ ರಕ್ತವನ್ನು ತೆತ್ತೇ ಬರಬೇಕು!

ನಡೆಯುವವರು ಮಾತು ನಿಲ್ಲಿಸಿದಷ್ಟೂ ಕಾಡು ಮಾತನಾಡತೊಡಗುತ್ತದೆ. ಮಂಗಟ್ಟೆ ಹಾರಿದರೆ ರೆಕ್ಕೆಯ ಸದ್ದು ಮೊದಲು ಕೇಳುತ್ತದೆ. ಹಕ್ಕಿ ಆಮೇಲೆ ಕಾಣುತ್ತದೆ. ಕೊಂಬೆಯೊಂದು ತೂಗಿದರೆ ಕೆಂದಳಿಲು ಇರಬಹುದು. ದೂರದ ಹುಲ್ಲಿನಲ್ಲಿ ಕಡವೆಯೋ ಕಾಡುಕೋಣವೋ ಮೇಯುತ್ತಿರಬಹುದು. ಸಿಂಗಳೀಕ ಮಾತ್ರ ಕಂಡೇ ಕಾಣುತ್ತದೆಂಬ ಭರವಸೆಯಿಲ್ಲ. ಒಂದು ಗಂಟೆ ಕಾದು, ಎತ್ತರದ ಎಲೆಗಳ ನಡುವೆ ಕ್ಷಣಕಾಲ ಕಪ್ಪು ನೆರಳೊಂದು ಸರಿದುದನ್ನು ಕಂಡರೂ ಅದು ಭಾಗ್ಯವೇ.

ಎರಡನೆಯ ಪಾಠ ಇರುವುದು ಇಲ್ಲಿಯೇ. ಇದೇ ಬೆಟ್ಟಸಾಲಿನ ಉತ್ತರಕ್ಕಿರುವ ಆಗುಂಬೆ ಘಾಟಿಯಲ್ಲಿ ಪ್ರವಾಸಿಗರು ಎಸೆದ ಬಾಳೆಹಣ್ಣು, ಬಿಸ್ಕತ್ತುಗಳ ರುಚಿ ಹತ್ತಿದ ಸಿಂಗಳೀಕಗಳು ಮರವಿಳಿದು ರಸ್ತೆಯಂಚಿನಲ್ಲಿ ಕುಳಿತಿರುತ್ತವೆ. ನೆಲದ ಮೇಲೆ ಓಡುವ ವಾಹನಗಳ ವೇಗ ಅವುಗಳಿಗೆ ತಿಳಿಯದು. ಚಕ್ರಕ್ಕೆ ಸಿಕ್ಕಿ ಸಾಯುತ್ತವೆ. ಕಾರಿಂಜದಲ್ಲಿ ಪುಣ್ಯವಾದ ತುತ್ತು ಘಟ್ಟದ ಮೇಲೆ ಮೃತ್ಯುವಾಗುತ್ತದೆ. ಅಲ್ಲಿ ಕೊಡುವುದು ಪ್ರೀತಿಯಾದರೆ, ಇಲ್ಲಿ ಕೊಡದೆ ದೂರ ನಿಲ್ಲುವುದೇ ಪ್ರೀತಿ.

ಈ ಬೆಟ್ಟದಿಂದ ಕೈ ಹಿಂದೆಗೆಯುವುದು ದೊಡ್ಡವರಿಗೂ ಸುಲಭವಾಗಿರಲಿಲ್ಲ. 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿಯು ಇಲ್ಲಿ ಗಣಿಯನ್ನು ತೆರೆದು ಒಂದು ಊರನ್ನೇ ಕಟ್ಟಿತು. 2002ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಊರು ಬಹುಮಟ್ಟಿಗೆ ಬರಿದಾಯಿತು. ಉದ್ಯಾನದೊಳಗೆ ತಲೆಮಾರುಗಳಿಂದ ನೆಲಸಿದ್ದ ಮಲೆಕುಡಿಯರೇ ಮೊದಲಾದವರಲ್ಲಿ ಕೆಲವರು ಪರಿಹಾರ ಪಡೆದು ಹೊರಬಂದರು. ಉಳಿದವರು ರಸ್ತೆ, ವಿದ್ಯುತ್ತುಗಳ ಕೊರತೆಯಲ್ಲೇ ದಿನ ಕಳೆಯುತ್ತಿದ್ದಾರೆ. ಕಾಡನ್ನು ನೋಡಿ ನಲಿಯುವ ಪ್ರವಾಸಿಗನು ಅದಕ್ಕಾಗಿ ಬೆಲೆ ತೆತ್ತವರನ್ನೂ ನೆನೆಯುವುದು ನ್ಯಾಯ.

ಘಟ್ಟದ ಕೆಳಗಿನ ಊರುಗಳಿಗೂ ಈ ಕಾಡಿನ ಹಂಗುಂಟು. ಕುದುರೆಮುಖದ ಮಡಿಲಿನ ತೊರೆಗಳನ್ನು ಕೂಡಿಕೊಂಡ ನೇತ್ರಾವತಿ ಬೆಳ್ತಂಗಡಿ ತಾಲೂಕನ್ನು ಹಾದು ಬಂಟ್ವಾಳಕ್ಕೆ ಬರುತ್ತದೆ. 1923 ಮತ್ತು 1974ರ ನೆರೆಗಳನ್ನು ಬಂಟ್ವಾಳದವರು ಮರೆತಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡಗಳು ಕುಸಿದು ಬೆಳ್ತಂಗಡಿಯ ಹಳ್ಳಿಗಳಿಗೆ ಕೆಸರುನೀರು ನುಗ್ಗಿತು. ಶೋಲಾ ಕಾಡು ಮಳೆಯ ನೀರನ್ನು ಹೀರಿಟ್ಟುಕೊಂಡು ಬೇಸಗೆಯವರೆಗೂ ಹನಿಹನಿಯಾಗಿ ಬಿಡುತ್ತದೆ. ಸಿಂಗಳೀಕದ ನೆತ್ತಿಯ ಮೇಲಿನ ಚಪ್ಪರವೇ ಕೆಳಗಿನ ಅಡಕೆ ತೋಟಗಳಿಗೂ ಆಸರೆ. ಅದನ್ನು ಕಣ್ಣಾರೆ ಕಂಡುಬಂದ ಮಗುವಿಗೆ ಅಡವಿಯನ್ನು ಏಕೆ ಉಳಿಸಬೇಕೆಂದು ಬೇರೆ ಪುಸ್ತಕದಿಂದ ಹೇಳಿಕೊಡಬೇಕಾಗದು.